ಹೇಳು, ಕೇಳು, ನೆಲ

ಗಂಡನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿರುವಾಗ ಅವನಿಂದ ಒಂದು ಸಂಗತಿ ಮುಚ್ಚಿಡುವುದು ಏನು ಮಹಾ ಎಂದು ಅವಳು ಅಂದುಕೊಂಡಿದ್ದಳು. ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಗೊತ್ತಾಯಿತು, ಕಣ್ಣು ಕಾಣದ ಮನುಷ್ಯನಿಗೆ ಮೈಯೆಲ್ಲ ಕಿವಿಯಾಗಿಬಿಡುತ್ತದೆ.

"ಏ ಇವಳೇ, ಫ್ರಿಜ್ಜು ನಿಂತುಹೋಯ್ತಾ?" ಎಂದು ಬೆಳಗಿನ ಕಾಫಿ ಕುಡಿಯುತ್ತ ಅವನು ಕೇಳಿದ. "ನಿನ್ನೆಯೆಲ್ಲ ಗುಂಯ್ ಅಂತಿತ್ತು. ಈಗ ಸದ್ದೇ ಇಲ್ಲವಲ್ಲ."

ಫ್ರಿಜ್ಜು ತನ್ನ ಪಾಡಿಗೆ ತಾನು ಅಡುಗೆಮನೆಯಲ್ಲಿ ತಣ್ಣಗೆ ನಿಂತಿತ್ತು. ನಿನ್ನೆಯೆಲ್ಲ ಗುಂಯ್ ಎಂದದ್ದು ಹಿಂದಿನ ಕೋಣೆಯ ಕಾವಿನ ಪೆಟ್ಟಿಗೆ. ಕೋಳಿಯ ನೆರವಿಲ್ಲದೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ, ದೊಡ್ಡ ಟ್ರಂಕಿನಷ್ಟಿರುವ ಆ ಪೆಟ್ಟಿಗೆಯನ್ನು ಗಂಡನೇ ಕೈಯಾರೆ ಕಟ್ಟಿದ್ದ. ಅದು ಖಾಲಿ ಬಿದ್ದಿದೆ ಎಂದು ಅವನು ನಂಬಿದ್ದ. ಅದರ ತುಂಬ ಮೊಟ್ಟೆಗಳಿದ್ದವು, ಅದೂ ಇನ್ನೇನು ಒಡೆದು ಮರಿ ಹೊರಗೆ ಬರಬೇಕಾದ ಮೊಟ್ಟೆಗಳು.

"ಹೂಂ ರೀ, ನಿಂತುಹೋಗಿದೆ," ಎಂದಳು. ಒಂದು ಸುಳ್ಳಿಗೆ ಇನ್ನೊಂದರ ತೇಪೆ ಹಾಕುವುದು ಈಚೆಗೆ ಅವಳಿಗೆ ಸಲೀಸಾಗಿತ್ತು. ಮೇಲಾಗಿ ಅವಳು ಬಟ್ಟೆ ಹೊಲಿಯುವವಳು, ತೇಪೆ ಹಾಕುವುದು ಕಸುಬೇ ಆಯಿತಲ್ಲ.

ಗಂಡ ಮಿಕ್ಸಿ, ಫ್ಯಾನು, ಟಿವಿ ರಿಪೇರಿ ಮಾಡುವವನು. ಕಾವಿನ ಪೆಟ್ಟಿಗೆ ಅವನ ಹುಚ್ಚು. ಒಳಗಿನ ಶಾಖ ಅಳೆದು ಹೀಟರನ್ನು ಹಚ್ಚಿ ಆರಿಸುವ ಅಂಗೈಯಗಲದ ಕಂಪ್ಯೂಟರ್ ಬೋರ್ಡನ್ನೂ ಅವನೇ ಮಾಡಿದ್ದ. ಹೋದ ಸಲ ಆ ಬೋರ್ಡು ಕೈಕೊಟ್ಟಿತು. ಹೀಟರ್ ಆರಲೇ ಇಲ್ಲ, ಮೊಟ್ಟೆಗಳೆಲ್ಲ ಒಳಗೇ ಬೆಂದುಹೋದವು. ಬಾಗಿಲು ತೆಗೆದವನು ಅವನೇ. ಒಂದೊಂದಾಗಿ ಒಡೆದು ನೋಡಿದ, ಒಳಗೆ ಪುಕ್ಕ ಮೂಡಿದ್ದ ಮರಿಗಳು. ಮೂಲೆಯಲ್ಲಿ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಆಮೇಲೆ ಆ ಬೋರ್ಡನ್ನು ಹೇಗೋ ಸರಿಮಾಡಿದ. ಅದರ ಮೇಲೆ ನಂಬಿಕೆ ಸಾಲದೆ ಹೊಸದೊಂದನ್ನೂ ಮಾಡಿದ. ಹೊಸದಕ್ಕೆ ಕರೆಂಟು ಕೊಟ್ಟು ನೋಡುವ ಮೊದಲೇ ಅಂಗಡಿಯಲ್ಲಿ ಬ್ಯಾಟರಿಯ ಆಸಿಡ್ಡು ಮುಖಕ್ಕೆ ಚಿಮ್ಮಿ ಆಸ್ಪತ್ರೆ ಸೇರಿದ. ಮಂಚದ ಮೇಲೆ ಮಲಗಿಕೊಂಡೇ ಹೇಳಿದ, "ನನ್ನ ಪಟ್ಟಿ ಬಿಚ್ಚೋವರೆಗೂ ಆ ಪೆಟ್ಟಿಗೇಲಿ ಒಂದು ಮೊಟ್ಟೆ ಇಡಬೇಡ. ಇನ್ನು ಮೇಲೆ ಎಲ್ಲ ನನ್ನ ಕಣ್ಣೆದುರೇ ಆಗಬೇಕು."

ಅವಳು ಹೂಂ ಎಂದಳು. ಅನ್ನುವಾಗ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಅದಾಗಿ ಸ್ವಲ್ಪ ದಿನಕ್ಕೇ ಪಕ್ಕದ ರಸ್ತೆಯ ಟೀಚರಮ್ಮ ಬುಟ್ಟಿ ಅವಚಿಕೊಂಡು ಬಂದರು. ಅವರ ಕೋಳಿಗಳನ್ನೆಲ್ಲ ಬೀದಿನಾಯಿಗಳು ಒಂದೇ ಬೆಳಗ್ಗೆ ಮುಗಿಸಿದ್ದವು. ಅವರ ಕೋಳಿಗೂಡಿನಲ್ಲಿ ಉಳಿದದ್ದು ಬುಟ್ಟಿಯಲ್ಲಿದ್ದ ಮೊಟ್ಟೆಗಳಷ್ಟೇ. "ಇವಾದ್ರೂ ಉಳೀಲಿ ಕಣಮ್ಮಾ," ಎಂದು ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಗಂಡನಿಗೆ ಹೇಳೋಣ ಎಂದರೆ ಆಸ್ಪತ್ರೆಯ ಡಾಕ್ಟರು ಕಟ್ಟಪ್ಪಣೆ ಮಾಡಿಬಿಟ್ಟಿದ್ದರು: ಪಟ್ಟಿ ಬಿಚ್ಚುವ ತನಕ ಕಣ್ಣಲ್ಲಿ ನೀರು ಬರಬಾರದು, ಸಿಟ್ಟು ಬರಬಾರದು, ಗಾಬರಿ ಆಗಬಾರದು. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಮೊಟ್ಟೆಗಳು ಒಡೆಯುವ ಹೊತ್ತು ಹತ್ತಿರ ಬಂತು. ಇವತ್ತು ಬೆಳಗ್ಗೆ ಹೋಗಿ ನೋಡಿದರೆ ಪೆಟ್ಟಿಗೆಯ ಸದ್ದಿಲ್ಲ. ಕಮಟು ವಾಸನೆ. ಹಳೆಯ ಬೋರ್ಡು ಸುಟ್ಟು ಕರಿಯಾಗಿತ್ತು.

ಮನೆಯಲ್ಲಿದ್ದ ಕಂಬಳಿ, ರಜಾಯಿಗಳನ್ನೆಲ್ಲ ತಂದು ಪೆಟ್ಟಿಗೆಗೆ ಸುತ್ತಿದಳು. ಕಾವು ಒಂದಷ್ಟು ಹೊತ್ತು ನಿಲ್ಲಬಹುದು. ಅಷ್ಟರೊಳಗೆ ಹೊಸ ಬೋರ್ಡಿಗೆ ಜೀವ ಬರಬೇಕು. ಅದಕ್ಕೆ ಜೀವ ಕೊಡುವುದು ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯನಿಗೆ ಕಣ್ಣು ಕಾಣುತ್ತಿರಲಿಲ್ಲ, ಮತ್ತು ಯಾಕೆ ಎಂಬುದನ್ನು ಅವನಿಗೆ ಹೇಳುವಂತಿರಲಿಲ್ಲ. ಹೇಳಿದರೆ ಅಳುತ್ತಾನೆ, ಅತ್ತರೆ ಕಣ್ಣು ಹೋಗುತ್ತದೆ. ಹೇಳದಿದ್ದರೆ ಮೊಟ್ಟೆ ಹೋಗುತ್ತವೆ. ಅವಳ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

"ರೀ, ಸುಮ್ಮನೆ ಕೂತು ಕೂತು ನಿಮಗೂ ಬೇಜಾರು," ಎಂದು ಕೊನೆಗೆ ರಾಗ ಎಳೆದಳು. "ಆ ಹೊಸ ಬೋರ್ಡಿಗೆ ಕರೆಂಟು ಕೊಟ್ಟು ನೋಡೋಣವಾ? ನೀವು ಹೇಳ್ತಾ ಹೋಗಿ, ನಾನು ಮಾಡ್ತೀನಿ."

ಪಟ್ಟಿಯ ಕೆಳಗಿದ್ದ ಅವನ ಮುಖ ಅರಳಿತು. "ನೀನು? ನಿನಗೆ ಬಲ್ಬು ಬದಲಾಯಿಸು ಅಂದ್ರೆ ಅಮ್ಮನ್ನ ಕರೀತಿದ್ದೆ!"

"ಸೂಜಿಗೆ ದಾರ ಪೋಣಿಸೋ ಕೈ ಇದು. ನಿಮ್ಮ ವೈರು ಪೋಣಿಸಲ್ವಾ?"

ಅವನ ಕೈ ಹಿಡಿದು ಹಿಂದಿನ ಕೋಣೆಗೆ ಕರೆತಂದು ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿದಳು. ಪೆಟ್ಟಿಗೆಯಿಂದ ಅವನು ಮೂರು ಮಾರು ದೂರ ಇರುವ ಹಾಗೆ ನೋಡಿಕೊಂಡಳು. ಅತ್ತೆ ಹೊಸ್ತಿಲಾಚೆ ಬಂದು ನಿಂತರು. ಮೊಟ್ಟೆಯ ಗುಟ್ಟು ಅತ್ತೆಗೂ ಗೊತ್ತಿತ್ತು. ಹಾಗಾಗಿ ಮಗನಿಗೆ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಕೈಬಾಯಿ ತಿರುಗಿಸಿ, ಬೇಗ ಬೇಗ ಎಂದು ಸೊಸೆಗೆ ಸನ್ನೆ ಮಾಡತೊಡಗಿದರು.

ಗಂಡನಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಬಹಳ ದಿನದ ಮೇಲೆ ಬಾಯಿಗೆ ಕೆಲಸ ಸಿಕ್ಕಿತ್ತು. ಕಾಲ ಮೇಲೆ ಕಾಲು ಹಾಕಿಕೊಂಡು ಪಾಠ ಶುರುಮಾಡಿದ. "ಮೊದಲು ಭೂತಗನ್ನಡಿ ತಗೋ. ಬೋರ್ಡಿನ ಮೇಲಿರೋ ಚಿಪ್ಪಿನ ಒಂದು ಕಾಲಿಗೂ ಇನ್ನೊಂದು ಕಾಲಿಗೂ ಮಧ್ಯೆ ಬೆಸುಗೆ ಹರಿದು ಅಂಟಿಕೊಂಡಿದೆಯಾ ನೋಡು. ನಿಧಾನ. ಒಂದು ಸಲ ಕರೆಂಟು ಕೊಟ್ಟ ಮೇಲೆ ಅಯ್ಯೋ ಅಂದ್ರೆ ಬರಲ್ಲ."

ಅವಳು ನೋಡಿದಳು. ಎಲ್ಲವೂ ಬೆಳ್ಳಿಯ ಚುಕ್ಕಿಗಳ ಹಾಗೆ ಬಿಡಿಬಿಡಿಯಾಗಿದ್ದವು. ಮೀಟರಿನ ಎರಡು ಮೊನೆಗಳನ್ನು ಕರೆಂಟು ಬರುವ ಎರಡು ಜಾಗಕ್ಕೆ ಇಡಲು ಹೇಳಿದ. ಬೀಪ್ ಅಂದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಮೀಟರು ಬಾಯಿ ಬಿಡಲಿಲ್ಲ. ಆಮೇಲೆ, ನೇರವಾಗಿ ಕರೆಂಟು ಕೊಡಬಾರದು, ಮಧ್ಯೆ ಕಾರಿನ ಒಂದು ಚಿಕ್ಕ ಬಲ್ಬು ಸೇರಿಸು ಎಂದ. ಬಲ್ಬು ಭಗ್ಗೆಂದು ಉರಿದರೆ ಕಿತ್ತೆಸೆ, ಒಂದು ಸಲ ಮಿಂಚಿ ಮಂಕಾದರೆ ಸರಿ ಎಂದ. ಹೂಂ, ಹೂಂ ಎಂದಳು. ಒಂದೊಂದು ಹೂಂ ಅನ್ನುವಾಗಲೂ ಅವಳ ಕಣ್ಣು ರಜಾಯಿಯ ಮೇಲಿತ್ತು.

ಅವನು ಹೇಳದಿದ್ದ ಒಂದು ಕೆಲಸವನ್ನೂ ಅವಳು ಸದ್ದಿಲ್ಲದೆ ಮಾಡಿದಳು. ಪೆಟ್ಟಿಗೆಯ ಹೀಟರ್, ಫ್ಯಾನು ಮತ್ತು ಶಾಖ ಅಳೆಯುವ ಸೆನ್ಸರು, ಈ ಮೂರರ ಪ್ಲಗ್ಗುಗಳನ್ನು ಹಳೆಯ ಬೋರ್ಡಿನಿಂದ ಬಿಡಿಸಿ ಹೊಸದಕ್ಕೆ ಚುಚ್ಚಿದಳು. ಒಂದರ ಜಾಗಕ್ಕೆ ಇನ್ನೊಂದು ಕೂರದ ಹಾಗೆ ಅವನು ಮಾಡಿಟ್ಟಿದ್ದ, ಹಾಗಾಗಿ ತಪ್ಪುವ ಭಯವಿರಲಿಲ್ಲ.

"ಈಗ ಸೀರಿಯಲ್ ಹಾಕೋಣ," ಎಂದ ಗಂಡ.

"ಈ ಹೊತ್ತಲ್ಲಿ ಯಾವ ಸೀರಿಯಲ್ಲೋ?" ಎಂದರು ಅತ್ತೆ. "ನನ್ನದು ಶುರುವಾಗೋದು ಸಂಜೆ ಮೇಲೆ."

"ಅಯ್ಯೋ ಅಮ್ಮಾ, ಟಿವಿದಲ್ಲ. ಬೋರ್ಡಿಗೆ ಪರದೆ ಇಲ್ಲ, ಗುಂಡಿ ಇಲ್ಲ. ಅದು ಮಾತಾಡಬೇಕಾದ್ರೆ ಲ್ಯಾಪ್‌ಟಾಪಿಗೆ ವೈರು ಹಾಕಬೇಕು, ಅದಕ್ಕೆ ಸೀರಿಯಲ್ ಅಂತಾರೆ." ಹೆಂಡತಿಯ ಕಡೆ ಮುಖ ತಿರುಗಿಸಿದ. "ಬರೀ ಮಾತಾಡೋದಲ್ಲ ಕಣೇ. ಹೊಸ ಬೋರ್ಡಿಗೆ ಎಷ್ಟು ಕಾವು ಬೇಕು ಅಂತ ಗೊತ್ತಿರಲ್ಲ. ನಾವು ಹೇಳಬೇಕು. ಹೇಳೋ ತನಕ ಅದು ಹೀಟರ್ ಹಚ್ಚೋದೇ ಇಲ್ಲ."

ಕರೆಂಟು ಕೊಟ್ಟರೆ ಸಾಕು, ಪೆಟ್ಟಿಗೆ ಬೆಚ್ಚಗಾಗುತ್ತದೆ ಎಂದುಕೊಂಡಿದ್ದಳು. ಈಗ ಇದರ ಜೊತೆ ಸಂಭಾಷಣೆ ಬೇರೆ ನಡೆಸಬೇಕು.

ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಂಡಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿದಳು. ಅದರ ಇನ್ನೊಂದು ತುದಿಯಲ್ಲಿ ಬಣ್ಣದ ವೈರುಗಳು ಜೋತಾಡುತ್ತಿದ್ದವು. ಒಂದೊಂದಕ್ಕೂ ಬಿಳಿ ಟೇಪು ಸುತ್ತಿ, ಅದರ ಮೇಲೆ ಗಂಡ ಗುಂಡಗೆ ಬರೆದಿದ್ದ: ಕಪ್ಪಿಗೆ ನೆಲ, ಹಸಿರಿಗೆ ಹೇಳು, ಬಿಳಿಗೆ ಕೇಳು. ಗ್ರೌಂಡ್ ವೈರಿಗೆ ಅವನಿಟ್ಟ ಹೆಸರು ನೆಲ. ಕೆಂಪು ವೈರಿಗೆ ಮಾತ್ರ 'ಮುಟ್ಟಬೇಡ' ಎಂದಿತ್ತು. ಬೋರ್ಡಿನ ಅಂಚಿನಲ್ಲೂ ಸಾಲಾಗಿ ನಿಂತ ಮೊಳೆಗಳ ಪಕ್ಕ ಅದೇ ಅಕ್ಷರದಲ್ಲಿ ನೆಲ, ಹೇಳು, ಕೇಳು ಎಂದಿತ್ತು. ಸದ್ಯ, ಇಷ್ಟು ಸುಲಭವೇ ಎಂದು ಉಸಿರು ಬಿಟ್ಟಳು. ಗುಂಡಿ ಯಾವುದು, ಕಾಜ ಯಾವುದು ಎಂದು ಹೊಲಿಗೆಯವಳಿಗೆ ಯಾರಾದರೂ ಹೇಳಿಕೊಡಬೇಕೆ? ನೆಲಕ್ಕೆ ನೆಲ, ಹೇಳುವಿಗೆ ಹೇಳು, ಕೇಳುವಿಗೆ ಕೇಳು ಸಿಕ್ಕಿಸಿದಳು.

ಲ್ಯಾಪ್‌ಟಾಪಿನಲ್ಲಿ ಅವನು ಹೇಳಿದ ಕಪ್ಪು ಪರದೆ ತೆರೆದು, ಬೋರ್ಡು ಮಾತಾಡುವ ವೇಗ ಒಂಬತ್ತು ಸಾವಿರದ ಆರುನೂರು ಎಂದು ಆರಿಸಿದಳು. ಸ್ವಿಚ್ಚು ಒತ್ತಿದಳು. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಬೋರ್ಡಿನ ಮೇಲೆ ಪುಟ್ಟ ಹಸಿರು ದೀಪ ಕಣ್ಣು ಬಿಟ್ಟಿತು.

"ಹೊಗೆ?" ಎಂದ ಗಂಡ, ಮೂಗು ಅರಳಿಸುತ್ತ.

"ಇಲ್ಲ. ಹಸಿರು ದೀಪ ಮಿಟುಕ್ತಿದೆ."

"ಭೇಷ್! ಪರದೆ ಮೇಲೆ ಏನು ಬಂತು?"

ಏನೂ ಬಂದಿರಲಿಲ್ಲ. ಕಪ್ಪು ಪರದೆ ಕಪ್ಪಾಗಿಯೇ ಇತ್ತು. ಅವನು ಹುಬ್ಬು ಗಂಟಿಕ್ಕಿದ್ದು ಪಟ್ಟಿಯ ಮೇಲಿನಿಂದಲೇ ಗೊತ್ತಾಯಿತು. "ವೈರು ಹೇಗೆ ಹಾಕಿದೆ?"

"ಹೇಳುಗೆ ಹೇಳು, ಕೇಳುಗೆ ಕೇಳು."

ಅವನು ತೊಡೆ ತಟ್ಟಿಕೊಂಡು ನಕ್ಕ. "ಅಯ್ಯೋ ಪೆದ್ದಿ! ಇಬ್ಬರೂ ಹೇಳ್ತಾನೇ ಇದ್ರೆ ಕೇಳಿಸಿಕೊಳ್ಳೋರು ಯಾರು? ನೀನೂ ಅಮ್ಮನೂ ಮಾತಾಡಿದ ಹಾಗೆ ಆಗುತ್ತೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಹೋಗಬೇಕು. ಅದಲು ಬದಲು ಮಾಡು. ಇದರ ಹೇಳು ಅದರ ಕೇಳುಗೆ."

ಅದೂ ನಿಜವೇ ಎನ್ನಿಸಿತು. ಬೆವರುವ ಬೆರಳಲ್ಲಿ ಎರಡೂ ವೈರುಗಳನ್ನು ಕಿತ್ತು ಅದಲು ಬದಲು ಮಾಡಿದಳು. ಪರದೆ ಕಪ್ಪು. ಸ್ವಿಚ್ಚು ಆರಿಸಿ ಹಚ್ಚಿದಳು. ಆಗಲೂ ಕಪ್ಪು. ಅತ್ತೆ ಹೊಸ್ತಿಲಲ್ಲಿ ಎರಡೂ ಕೈ ಮೇಲೆತ್ತಿ ಏನಾಯ್ತು ಎಂದು ಸನ್ನೆ ಮಾಡಿದರು. ನನಗೇನು ಗೊತ್ತು ಎಂದು ಇವಳೂ ಸನ್ನೆ ಮಾಡಿದಳು.

"ನೆಲ ಸರಿಯಾಗಿದೆಯಾ?" ಎಂದ.

ಅವಳು ಕಾಲ ಕೆಳಗಿನ ನೆಲ ನೋಡಿದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ಬೋರ್ಡಿನ ನೆಲ ನೋಡಿದಳು. ಕಪ್ಪು ವೈರು ಒಂದು ಮೊಳೆ ಆಚೆ ಕೂತಿತ್ತು, ಯಾವ ಹೆಸರೂ ಇಲ್ಲದ ಖಾಲಿ ಮೊಳೆಯ ಮೇಲೆ.

"ಒಂದು ಮೊಳೆ ತಪ್ಪಿತ್ತು ರೀ. ಈಗ ಸರಿ ಮಾಡಿದೆ."

"ಅದೇ ಮತ್ತೆ! ಇಬ್ಬರೂ ಒಂದೇ ನೆಲದ ಮೇಲೆ ನಿಲ್ಲದೆ ಮಾತು ಹೇಗೆ ನಡೆಯುತ್ತೆ? ಈಗ ಬಂತಲ್ಲ?"

ಬಂದಿರಲಿಲ್ಲ. ಅವಳಿಗೆ ಈಗ ನಿಜವಾಗಿಯೂ ದಿಕ್ಕು ತೋಚದ ಹಾಗಾಯಿತು. ತಪ್ಪು ಮಾಡಿದಾಗ ಕೆಲಸ ಕೆಡುವುದು ಅರ್ಥವಾಗುತ್ತದೆ. ಇಲ್ಲಿ ತಪ್ಪು ಸಿಕ್ಕಿತು, ತಿದ್ದಿಯೂ ಆಯಿತು, ಆದರೂ ಇದ್ದದ್ದು ಇದ್ದ ಹಾಗೇ ಇತ್ತು. ಗಂಡನಿಗೂ ಗೊಂದಲ ಹಿಡಿಯಿತು. ವೇಗ ತಪ್ಪಿರಬೇಕು, ಈ ಬೋರ್ಡಿಗೆ ಜಾಸ್ತಿ ಇಟ್ಟಿದ್ದೆನೋ ಏನೋ, ಒಂದು ಲಕ್ಷದ ಹದಿನೈದು ಸಾವಿರದ ಇನ್ನೂರು ಮಾಡು ಎಂದ. ಮಾಡಿದಳು. ಏನೂ ಇಲ್ಲ. ಕೊಂಡಿಯನ್ನು ಬಿಡಿಸಿ ಮತ್ತೆ ಚುಚ್ಚು ಎಂದ. ಚುಚ್ಚಿದಳು. ಹೇಳು ಯಾವುದಕ್ಕೆ ಹೋಗಿದೆ ಎಂದು ಕೇಳಿದ. ಕೇಳುಗೆ ಎಂದಳು. ಕೇಳು ಯಾವುದಕ್ಕೆ ಎಂದ. ಹೇಳುಗೆ ಎಂದಳು. ಯಾವುದರ ಹೇಳು ಎಂದ. ಇದರದ್ದು ಎಂದಳು. ಇದರದ್ದು ಅಂದರೆ ಯಾವುದರದ್ದು ಎಂದು ರೇಗಿದ. ಅಷ್ಟು ಹೊತ್ತಿಗೆ ಅವಳಿಗೆ ಹೇಳುವುದು ಯಾವುದು, ಕೇಳುವುದು ಯಾವುದು, ತಾನು ಯಾರು ಎಂಬುದೇ ಮರೆತುಹೋಗುವುದರಲ್ಲಿತ್ತು.

"ಬಿಡು," ಎಂದು ಗಂಡ ಕೊನೆಗೆ ಕುರ್ಚಿಗೆ ಒರಗಿದ. "ಬೋರ್ಡೇ ಸತ್ತಿರಬೇಕು. ಇದಕ್ಕೇನು ಅರ್ಜೆಂಟು? ಪೆಟ್ಟಿಗೆ ಖಾಲಿ ಬಿದ್ದಿದೆ. ನಾಳೆ ನಾಡಿದ್ದು ನೋಡೋಣ. ಒಂದು ಟೀ ಮಾಡು."

ಟೀ ಎಂಬ ಮಾತು ಕೇಳಿ ಅವಳಿಗೆ ಅಳು ಬಂತು. ರಜಾಯಿಯ ಅಂಚನ್ನು ಎತ್ತಿ ಗಾಜಿನ ಬಾಗಿಲಿಗೆ ಅಂಗೈ ಒತ್ತಿದಳು. ಬೆಳಗ್ಗೆ ಇದ್ದಷ್ಟು ಬಿಸಿಯಿರಲಿಲ್ಲ. ಒಳಗೆ ಮೊಟ್ಟೆಗಳು ಸಾಲಾಗಿ ಮಲಗಿದ್ದವು. ಟೀಚರಮ್ಮನ ಮುಖ ನೆನಪಾಯಿತು. ಸಿಟ್ಟೂ ಬಂತು, ಗಂಡನ ಮೇಲೋ ಬೋರ್ಡಿನ ಮೇಲೋ ತನ್ನ ಮೇಲೆಯೋ ಗೊತ್ತಾಗಲಿಲ್ಲ.

"ಇನ್ನೊಂದೇ ಒಂದು ಸಲ ನೋಡೋಣ ರೀ," ಎಂದಳು.

"ಅದು ಕೇಳ್ತಾ ಇಲ್ಲ ಕಣೇ, ಎಷ್ಟು ಸಲ ನೋಡ್ತೀಯ?"

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. "ಅದೇನೋ, ಆಗಿಂದ ಅದು ಕೇಳ್ತಿಲ್ಲ, ಅದು ಕೇಳ್ತಿಲ್ಲ ಅಂತೀಯ. ಅದ್ಯಾಕೆ ಕೇಳಬೇಕು? ನೀವು ಕೇಳಿ. ನೀವು ಕೇಳಿದ್ರೆ ತಾನೇ ಅದು ಹೇಳೋದು?"

"ಅಮ್ಮಾ, ನಿನಗೆ ಇದೆಲ್ಲ ಅರ್ಥ ಆಗಲ್ಲ. ಕೇಳೋದು ಅಂದ್ರೆ ಕಿವಿಯಿಂದ."

"ಕಿವಿಯಿಂದ ಯಾರಾದ್ರೂ ಕೇಳ್ತಾರೇನೋ? ಬಾಯಿಂದ ತಾನೇ ಕೇಳೋದು!"

ಅವಳ ಕೈ ನಿಂತಿತು. ಹೌದಲ್ಲ. ಗಂಡ ಆಡುವ ಕೇಳು ಕಿವಿಯದು, ಅತ್ತೆ ಆಡುವ ಕೇಳು ಬಾಯಿಯದು. ಇಬ್ಬರದೂ ಸರಿಯೇ. ಅಂಗಡಿಯಲ್ಲಿ ಬೆಲೆ ಕೇಳುತ್ತೇವೆ, ಮನೆಯಲ್ಲಿ ಹಾಡು ಕೇಳುತ್ತೇವೆ. ಮಾತು ಒಂದೇ, ಕೆಲಸ ಎರಡು. ಬೋರ್ಡಿನ ಮೇಲೆ ಬರೆದ ಕೇಳು ಯಾವುದು? ಕೊಂಡಿಯ ವೈರಿನ ಮೇಲೆ ಬರೆದ ಕೇಳು ಯಾವುದು?

"ರೀ, ಈ ಕೊಂಡಿಯ ಟೇಪಿನ ಮೇಲೆ ಯಾವಾಗ ಬರೆದಿದ್ದು ನೀವು?"

"ಅದಾ? ಅದು ಬಹಳ ಹಳೇದು. ಈ ಕೆಲಸ ಕಲಿಯೋಕೆ ಶುರು ಮಾಡಿದಾಗ."

"ಬೋರ್ಡಿನ ಮೇಲೆ?"

"ಈಚೆಗೆ, ಅದನ್ನ ಮಾಡಿದಾಗ. ಯಾಕೆ?"

"ಕಲಿಯೋವಾಗ ಕೇಳು ಅಂತ ಬರೆದಿದ್ದು ಯಾವ ಅರ್ಥದಲ್ಲಿ? ಕೊಂಡಿ ಕೇಳಿಸಿಕೊಳ್ಳುತ್ತೆ ಅಂತಲೋ, ನೀವು ಬೋರ್ಡನ್ನ ಪ್ರಶ್ನೆ ಕೇಳ್ತೀರಿ ಅಂತಲೋ?"

ಗಂಡನಿಗೇ ನೆನಪಿರಲಿಲ್ಲ. ಅವಳು ಉತ್ತರಕ್ಕೆ ಕಾಯಲಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಅವನು ಬೋರ್ಡಿನ ಪರವಾಗಿ ಯೋಚಿಸಿದ್ದ: ಅದು ಹೇಳುವ ಮೊಳೆ, ಅದು ಕೇಳಿಸಿಕೊಳ್ಳುವ ಮೊಳೆ. ಕೊಂಡಿಯ ಮೇಲೆ ಬರೆದಿದ್ದು ಹೊಸದಾಗಿ ಕಲಿಯುವ ಹುಡುಗ; ತಾನು ಪ್ರಶ್ನೆ ಕೇಳುವ ವೈರು ಒಂದು, ಬೋರ್ಡು ಉತ್ತರ ಹೇಳುವ ವೈರು ಇನ್ನೊಂದು. ಹಾಗಾದರೆ ಕೊಂಡಿಯ ಬಾಯಿಯ ಕೇಳು ಬೋರ್ಡಿನ ಕಿವಿಯ ಕೇಳುವಿಗೇ ಹೋಗಬೇಕು, ಹೆಸರಿಗೆ ಹೆಸರು ಸೇರಿಸಿದ್ದೇ ಸರಿ. ಮೊದಲ ಸಲ ಅವಳು ಹಾಕಿದ್ದೇ ಸರಿ. ನೆಲವೊಂದು ತಪ್ಪಿತ್ತು, ಅಷ್ಟೇ. ನೆಲ ಸರಿಯಾಗುವ ಹೊತ್ತಿಗೆ ಗಂಡನ ಬುದ್ಧಿವಂತಿಕೆಯಿಂದ ಉಳಿದೆರಡು ಅದಲು ಬದಲಾಗಿದ್ದವು.

ವೈರುಗಳನ್ನು ಮತ್ತೆ ಮೊದಲಿದ್ದ ಹಾಗೆ ಹಾಕಿದಳು. ಪರದೆಯ ಮೇಲೆ ದಬದಬ ಅಕ್ಷರ ಬಂತು. ಅಕ್ಷರ ಅನ್ನುವ ಹಾಗೂ ಇರಲಿಲ್ಲ, ಚೌಕ, ಚುಕ್ಕಿ, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಗಳು, ಬರೀ ಕಸ. ಅವಳು ಕಕ್ಕಾಬಿಕ್ಕಿಯಾಗಿ ಒಂದು ಕ್ಷಣ ನಿಂತಳು. ಆಮೇಲೆ ಹೊಳೆಯಿತು, ಸುಮ್ಮನೆ ಏರಿಸಿದ್ದ ವೇಗ ಹಾಗೇ ಉಳಿದಿದೆ. ಒಂಬತ್ತು ಸಾವಿರದ ಆರುನೂರಕ್ಕೆ ಇಳಿಸಿದಳು. ಕಸ ನಿಂತಿತು. ಅದರ ಕೆಳಗೆ ಅಚ್ಚುಕಟ್ಟಾಗಿ ಒಂದು ಸಾಲು ಬಂತು, ಅದರ ಕೆಳಗೆ ಇನ್ನೊಂದು.

"ಬಂತು ರೀ! ಮಾತಾಡ್ತಿದೆ!"

ಗಂಡ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. "ಓದು, ಓದು! ಏನಂತಿದೆ?"

ಅವಳ ಖುಷಿಗೆ ಎಲ್ಲೆಯೇ ಇರಲಿಲ್ಲ, ಹಾಗಾಗಿ ಯೋಚಿಸಲಿಲ್ಲ. ಕಂಡದ್ದನ್ನು ಕಂಡ ಹಾಗೆ ಗಟ್ಟಿಯಾಗಿ ಓದಿದಳು. "ಒಳಗಿನ ಶಾಖ, ಮೂವತ್ನಾಲ್ಕು ಪಾಯಿಂಟ್ ಒಂದು. ಬೇಕಾದ ಶಾಖ, ಇಟ್ಟಿಲ್ಲ."

"ಮೂವತ್ನಾಲ್ಕಾ?" ಗಂಡನ ಕೈ ಗಾಳಿಯಲ್ಲಿ ನಿಂತಿತು. "ಸೆನ್ಸರೇ ಹಾಕಿಲ್ಲವಲ್ಲ. ನಂಬರ್ ಎಲ್ಲಿಂದ ಬಂತು?"

ಹೊಸ್ತಿಲಲ್ಲಿ ಅತ್ತೆ ಹಣೆ ಚಚ್ಚಿಕೊಂಡರು.

"ಹಾಕಿದ್ದೀನಿ," ಎಂದಳು ಮೆಲ್ಲಗೆ. "ಪೆಟ್ಟಿಗೇದು."

"ಪೆಟ್ಟಿಗೇದು," ಎಂದ ಅವನು. "ಖಾಲಿ ಪೆಟ್ಟಿಗೆ. ಹೀಟರ್ ಹಚ್ಚಿಲ್ಲ. ಕೋಣೇಲಿ ನನಗೆ ಚಳಿ ಆಗ್ತಾ ಇದೆ. ಪೆಟ್ಟಿಗೆ ಒಳಗೆ ಮೂವತ್ನಾಲ್ಕು." ಒಂದೊಂದೇ ಮಾತನ್ನು ತಡವಿ ನೋಡುವವನ ಹಾಗೆ ಹೇಳಿದ. ಅವಳು ಕಾದಳು.

"ಗುಂಯ್ ಅಂತಿದ್ದಿದ್ದು ಫ್ರಿಜ್ಜಲ್ಲ," ಎಂದ.

"ಅಲ್ಲ ರೀ."

"ನನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ದು ಡಾಕ್ಟರೊಬ್ಬರೇ ಅಂದ್ಕೊಂಡಿದ್ದೆ."

ಆ ಮಾತು ಅವಳ ಎದೆಗೆ ನೇರವಾಗಿ ತಾಕಿತು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಟೀಚರಮ್ಮ, ನಾಯಿಗಳು, ಬುಟ್ಟಿ, ಡಾಕ್ಟರು, ಬೆಳಗಿನ ಸುಟ್ಟ ವಾಸನೆ, ಎಲ್ಲವನ್ನೂ ತಲೆಬುಡವಿಲ್ಲದೆ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. "ತಪ್ಪಾಯ್ತು ರೀ. ಆದ್ರೆ ದಯವಿಟ್ಟು ಅಳಬೇಡಿ, ಕಣ್ಣು ಹಾಳಾಗುತ್ತೆ," ಎಂದು ತಾನೇ ಅಳತೊಡಗಿದಳು.

ಅವನು ಅಳಲಿಲ್ಲ. ಎರಡು ಮುಷ್ಟಿಯನ್ನೂ ಮೊಣಕಾಲ ಮೇಲೆ ಒತ್ತಿ ಹಿಡಿದು ಕೂತಿದ್ದ. "ಎಷ್ಟನೇ ದಿನ?" ಎಂದ ಕೊನೆಗೆ.

"ಹದಿನೆಂಟು."

"ಕೊನೇ ದಿನಗಳಲ್ಲಿ ಮೊಟ್ಟೆ ತಿರುಗಿಸಬಾರದು. ನಿಲ್ಲಿಸಿದ್ಯಾ?"

"ನಿನ್ನೆ ನಿಲ್ಲಿಸಿದೆ."

"ತಳದಲ್ಲಿ ನೀರಿನ ತಟ್ಟೆ?"

"ತುಂಬಾ ಇದೆ."

ಅವನ ತಲೆ ಅವಳ ಕಡೆ ತಿರುಗಿತು, ಪಟ್ಟಿಯೊಳಗಿಂದಲೇ ನೋಡುವವನ ಹಾಗೆ. "ಬಲ್ಬು ತೆಗೆದು ಕರೆಂಟು ನೇರವಾಗಿ ಕೊಡು. ಈಗ ಟೈಪ್ ಮಾಡು. ಎಸ್, ಇ, ಟಿ. ಒಂದು ಜಾಗ ಬಿಡು. ಮೂವತ್ತೇಳು ಪಾಯಿಂಟ್ ಎರಡು. ಕೊನೇ ದಿನಗಳಲ್ಲಿ ಸ್ವಲ್ಪ ಕಮ್ಮಿ ಇರಬೇಕು. ಎಂಟರ್ ಒತ್ತು."

ಒತ್ತಿದಳು. ಬೋರ್ಡಿನ ಮೇಲೆ ಟಿಕ್ ಎಂದಿತು. ಪೆಟ್ಟಿಗೆಯೊಳಗೆ ಫ್ಯಾನು ಗುಂಯ್ ಎಂದು ತಿರುಗತೊಡಗಿತು. ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತರು.

ಗಂಡ ಎದ್ದು ಎರಡೂ ಕೈ ಚಾಚಿ ಹೆಜ್ಜೆ ಹೆಜ್ಜೆಗೆ ತಡವರಿಸುತ್ತ ಪೆಟ್ಟಿಗೆಯ ತನಕ ಬಂದ. ರಜಾಯಿ ಸಿಕ್ಕಿತು, ಅದನ್ನು ಸರಿಸಿದ. ಬಾಗಿಲಿನ ಹಿಡಿ ಸಿಕ್ಕಿತು. ಒಳಗೆ ಕೈಯಿಟ್ಟು ತಾನೇ ಮುಟ್ಟಿ ನೋಡಬೇಕೆಂದು ಅವನ ಬೆರಳುಗಳು ಚಡಪಡಿಸುವುದು ಅವಳಿಗೆ ಕಾಣುತ್ತಿತ್ತು. ಆದರೆ ಹಿಡಿ ಎಳೆಯಲಿಲ್ಲ, ಬಿಟ್ಟುಬಿಟ್ಟ.

"ತೆಗೆದರೆ ಇರೋ ಕಾವೂ ಹೋಗುತ್ತೆ," ಎಂದ. "ನೀನು ಓದು."

"ಮೂವತ್ನಾಲ್ಕು ಪಾಯಿಂಟ್ ಒಂದು."

"ಹೂಂ."

"ಮೂವತ್ನಾಲ್ಕು." ಮುಂದಿನ ಸಾಲು ಬಂತು. ಮೂವತ್ಮೂರು ಪಾಯಿಂಟ್ ಎಂಟು. ಹೀಟರ್ ಹಚ್ಚಿದೆ, ಫ್ಯಾನು ತಿರುಗುತ್ತಿದೆ, ಶಾಖ ಮಾತ್ರ ಇಳಿಯುತ್ತಿದೆ. ಇದೆಂಥ ಕರ್ಮ? ಮತ್ತೆಲ್ಲಿ ತಪ್ಪಿತು? ಮೂವತ್ನಾಲ್ಕು ಪಾಯಿಂಟ್ ಮೂರು ಎಂದುಬಿಟ್ಟರೆ ಏನಾಗುತ್ತದೆ? ಅತ್ತೆಗೆ ಈ ಪರದೆ ಓದಲು ಬರುವುದಿಲ್ಲ. ಗಂಡನಿಗೆ ಕಾಣುವುದಿಲ್ಲ. ಸ್ವಲ್ಪ ಹೊತ್ತು ಸಮಾಧಾನವಾಗಿ ಇರುತ್ತಾನೆ, ಅಷ್ಟರಲ್ಲಿ ಏನಾದರೂ ದಾರಿ ಕಾಣಬಹುದು. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಯಾಕೆ ನಿಲ್ಲಿಸಿದೆ?" ಎಂದ ಅವನು.

"ಮೂವತ್ಮೂರು ಪಾಯಿಂಟ್ ಎಂಟು," ಎಂದಳು. "ಈಗ ಮೂವತ್ಮೂರು ಪಾಯಿಂಟ್ ನಾಲ್ಕು. ಇಳೀತಾ ಇದೆ ರೀ. ಯಾಕೆ ಅಂತ ಗೊತ್ತಾಗ್ತಿಲ್ಲ. ನನಗೆ ಏನೂ ಗೊತ್ತಾಗ್ತಿಲ್ಲ."

ಗಂಡ ದೊಡ್ಡದಾಗಿ ಉಸಿರು ಬಿಟ್ಟ. ಅವನ ಭುಜಗಳು ಇಳಿದವು. ಪೆಟ್ಟಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಮೆಲ್ಲಗೆ ಕೂತ.

"ಇಳೀಲೇಬೇಕು," ಎಂದ. "ಫ್ಯಾನು ನಿಂತಿದ್ದಾಗ ತಣ್ಣನೆ ಗಾಳಿಯೆಲ್ಲ ತಳದಲ್ಲಿ ಕೂತಿರುತ್ತೆ. ಫ್ಯಾನು ಅದನ್ನ ಮೇಲಕ್ಕೆ ಎಬ್ಬಿಸುತ್ತೆ. ಮೊದಲು ಇಳಿದು, ಆಮೇಲೆ ಏರುತ್ತೆ. ಈ ವಯಸ್ಸಿಗೆ ಅಷ್ಟಕ್ಕೆಲ್ಲ ಸಾಯಲ್ಲ ಅವು, ಗಟ್ಟಿ ಜೀವ." ಅವಳ ಕಡೆ ತಿರುಗಿ ಹೇಳಿದ, "ನೀನು ಇಳೀತು ಅನ್ನೋದನ್ನೇ ಕಾಯ್ತಾ ಇದ್ದೆ. ಏರಿತು ಅಂದಿದ್ರೆ..."

ಎಂಥ ಅಂಚಿನಿಂದ ತಾನು ಹಿಂದೆ ಸರಿದೆ ಎಂಬುದು ಅವಳಿಗೆ ಈಗ ತಿಳಿಯಿತು, ಭಯವೂ ಈಗಲೇ ಆಯಿತು. ಲ್ಯಾಪ್‌ಟಾಪನ್ನು ಎತ್ತಿಕೊಂಡು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಮೂವತ್ಮೂರು ಪಾಯಿಂಟ್ ಮೂರು," ಎಂದಳು. ಆಮೇಲೆ, "ಇನ್ನೂ ಅಷ್ಟೇ." ಆಮೇಲೆ ಬಹಳ ಹೊತ್ತಿನ ಮೇಲೆ, "ಮೂವತ್ಮೂರು ಪಾಯಿಂಟ್ ಐದು."

"ನಿಲ್ಲಿಸಬೇಡ," ಎಂದು ಗಂಡ ಅವಳ ಮೊಣಕೈ ಹುಡುಕಿ ಹಿಡಿದುಕೊಂಡ. "ಸದ್ಯಕ್ಕೆ ನನಗಿರೋದು ನಿನ್ನ ಕಣ್ಣೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಸಾಲು ಓದಿದಳು.